ರಜ, ರಜಾ, ರಜೆ

ಡಿಸೆಂಬರ್ ಅರ್ಧ ಕಳೆಯಿತೆಂದರೆ ಸರ್ಕಾರಿ ಕಚೇರಿಗಳಲ್ಲಿ ಕಾಫಿ ಹೊತ್ತಿಗೆ ಒಂದೇ ಪ್ರಶ್ನೆ: ‘ನಿಮ್ದೆಷ್ಟು ಉಳಿದಿದೆ?’ ಕೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು, ಇದು ದುಡ್ಡಿನ ಮಾತಲ್ಲ, ಸಿಎಲ್ಲಿನ ಮಾತು. ಕಾಗದದ ಮೇಲೆ ಅದು ‘ಸಾಂದರ್ಭಿಕ ರಜೆ’. ಬಾಯಲ್ಲಿ ಯಾರೂ ಹಾಗೆ ಅಂದದ್ದನ್ನು ನಾನು ಕೇಳಿಲ್ಲ. ಗಳಿಕೆ ರಜೆಯಾದರೆ ಹೊಸ ವರ್ಷದ ಲೆಕ್ಕಕ್ಕೆ ದಾಟಿಕೊಳ್ಳುತ್ತದೆ, ಒಂದಿಷ್ಟನ್ನು ನಗದು ಮಾಡಿಕೊಳ್ಳಲೂ ಬರುತ್ತದೆ. ಸಿಎಲ್ಲಿಗೆ ಆ ಭಾಗ್ಯವಿಲ್ಲ; ಡಿಸೆಂಬರ್ 31ಕ್ಕೆ ಅದರ ಆಯುಸ್ಸು ತೀರಿತು. ರಾಜ್ಯ ಸರ್ಕಾರಿ ನೌಕರರಿಗೆ ವರ್ಷಕ್ಕೆ 15 ಇದ್ದದ್ದು, 2019ರಲ್ಲಿ ನಾಲ್ಕನೇ ಶನಿವಾರವನ್ನೂ ರಜೆ ಮಾಡಿದಾಗ 10ಕ್ಕೆ ಇಳಿಯಿತು. ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಕಿತ್ತುಕೊಂಡರು ಎಂದು ಗೊಣಗುವವರು ಇವತ್ತಿಗೂ ಇದ್ದಾರೆ. ಆ ಗೊಣಗಾಟ ಡಿಸೆಂಬರಿನಲ್ಲಿ ತುಸು ಜೋರು.

ಇದೇ ದಿನಗಳಲ್ಲಿ ಮನೆಗೆ ಹೊಸ ಕ್ಯಾಲೆಂಡರ್ ಬರುತ್ತದೆ. ನಮ್ಮಲ್ಲಿ ಅದು ಬೆಂಗಳೂರು ಪ್ರೆಸ್ಸಿನದ್ದೇ ಆಗಬೇಕು. ಸುರುಳಿ ಬಿಚ್ಚಿದ ಕೂಡಲೇ ಯಾರೂ ರಾಹುಕಾಲ ನೋಡುವುದಿಲ್ಲ, ಕೆಂಪು ಅಂಕಿ ಎಲ್ಲೆಲ್ಲಿದೆ ಎಂದು ಹುಡುಕುತ್ತಾರೆ. ಹಬ್ಬ ಶುಕ್ರವಾರಕ್ಕೋ ಸೋಮವಾರಕ್ಕೋ ಬಿದ್ದರೆ ಮುಖ ಅರಳುತ್ತದೆ; ಪತ್ರಿಕೆಯವರು ‘ಸಾಲು ಸಾಲು ರಜೆ’ ಎಂದು ತಲೆಬರಹ ಕೊಡುವುದಕ್ಕೂ, ಮಡಿಕೇರಿ ಗೋಕರ್ಣಗಳಲ್ಲಿ ರೂಮು ಸಿಗದಂತಾಗುವುದಕ್ಕೂ ಅಷ್ಟು ಸಾಕು. ಭಾನುವಾರಕ್ಕೆ ಬಿದ್ದರೆ ಮಾತ್ರ, ‘ಛೆ, ಒಂದು ರಜ ಹೋಯ್ತು.’ ಹಬ್ಬ ಎಲ್ಲಿಗೂ ಹೋಗಿಲ್ಲ. ಅವತ್ತೂ ತೋರಣ ಕಟ್ಟುತ್ತೇವೆ, ಅವತ್ತೂ ಒಬ್ಬಟ್ಟು ಮಾಡುತ್ತೇವೆ. ಆದರೂ ‘ಹೋಯ್ತು’. ಸರ್ಕಾರವೂ ಅಷ್ಟೆ, ಭಾನುವಾರ ಬರುವ ಹಬ್ಬವನ್ನು ಸಾರ್ವತ್ರಿಕ ರಜೆಗಳ ಪಟ್ಟಿಗೇ ಸೇರಿಸುವುದಿಲ್ಲ. ಹೇಗೂ ಕೊಡಬೇಕಾಗಿಲ್ಲದ್ದನ್ನು ಲೆಕ್ಕಕ್ಕೆ ಯಾಕೆ ಹಿಡಿಯಬೇಕು?

ಕೊಡುವುದು ಅಂದೆ. ರಜೆ ಎಂಬ ಪದದ ಬೆನ್ನಿಗೆ ಹುಟ್ಟಿನಿಂದಲೇ ಅಂಟಿಕೊಂಡ ಕ್ರಿಯಾಪದ ಅದು. ರಜೆಯನ್ನು ಒಬ್ಬರು ಕೇಳಬೇಕು, ಇನ್ನೊಬ್ಬರು ಕೊಡಬೇಕು. ಕರಾವಳಿಯಲ್ಲಿ ಜುಲೈ ಮಳೆ ಹೊಯ್ಯುವಾಗ ಮಕ್ಕಳು ರಾತ್ರಿಯಿಡೀ ಕಾಯುವುದು ಮಳೆ ಜೋರಾಗಲಿ ಎಂದಲ್ಲ, ‘ಡಿಸಿ ರಜೆ ಕೊಟ್ರಾ?’ ಎಂಬ ಪ್ರಶ್ನೆಗೆ ಉತ್ತರವಾಗಿ ಫೋನಿಗೆ ಬರಬೇಕಾದ ಆ ಒಂದು ಸಂದೇಶಕ್ಕೆ. ಮಳೆ ಸುರಿಸುವ ದೇವರಿಗಿಂತ ರಜೆ ಕೊಡುವ ಜಿಲ್ಲಾಧಿಕಾರಿ ಆ ಹೊತ್ತಿಗೆ ದೊಡ್ಡವರು.

ಪದದ ಮೂಲ ನೋಡಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ರಜೆ ಅರಬ್ಬಿಯಿಂದ ಪಾರಸಿಗೆ, ಪಾರಸಿಯಿಂದ ದಖನಿನ ದರ್ಬಾರುಗಳಿಗೆ, ಅಲ್ಲಿಂದ ನಮ್ಮ ಚಾವಡಿಗಳಿಗೆ ಇಳಿದ ಪದ. ‘ರಿಜಾ’ ಅಥವಾ ‘ರಜಾ’ ಎಂದರೆ ಮೂಲದಲ್ಲಿ ಒಪ್ಪಿಗೆ, ಸಮ್ಮತಿ. ವಿಶ್ರಾಂತಿಯ ಸುಳಿವೂ ಅದರಲ್ಲಿಲ್ಲ. ಉರ್ದು ಆಡುವವರ ಬಾಯಲ್ಲಿ ‘ಅಲ್ಲಾನ ರಜಾ’ ಎಂದರೆ ಇವತ್ತಿಗೂ ದೇವರ ಇಚ್ಛೆ. ರಜಾ ಎಂಬ ಹೆಸರಿನ ಹುಡುಗನನ್ನು ತರಗತಿಯಲ್ಲಿ ಉಳಿದವರು ‘ನೀನು ಯಾವತ್ತೂ ರಜಾನೇ ಅಲ್ವೇನೋ’ ಎಂದು ಗೋಳು ಹೊಯ್ದುಕೊಳ್ಳುತ್ತಿದ್ದುದು ನನಗೆ ನೆನಪಿದೆ. ಅವನ ಹೆಸರಿನಲ್ಲಿ ಪದದ ಹಳೆಯ ಅರ್ಥ ಹಾಗೇ ಉಳಿದಿತ್ತು, ನಮ್ಮ ನಾಲಗೆಯಲ್ಲಿ ಸವೆದಿತ್ತು.

ಬಿಜಾಪುರದ ಆದಿಲಶಾಹಿ, ಆಮೇಲೆ ಮರಾಠರು, ಈ ಕಡೆ ಹೈದರ್ ಟಿಪ್ಪು, ಹೀಗೆ ಇನ್ನೂರು ಮುನ್ನೂರು ವರ್ಷ ಪಾರಸಿಯ ಗಾಳಿ ನಮ್ಮ ದಫ್ತರಗಳ ಮೇಲೆ ಬೀಸಿತು. ಅದು ಎಷ್ಟು ಒಳಗೆ ಇಳಿದಿದೆ ಎಂದು ತಿಳಿಯಬೇಕಾದರೆ ಯಾವುದಾದರೂ ಒಂದು ರಜಾ ಅರ್ಜಿ ಓದಿ. ಅರ್ಜಿ ಪಾರಸಿಯ ದಾರಿಯಲ್ಲಿ ಬಂದದ್ದು. ಹಾಜರಿ, ಗೈರುಹಾಜರಿ, ಮಂಜೂರು, ನಾಮಂಜೂರು, ತಾರೀಖು, ದಸ್ಕತ್ತು, ಎಲ್ಲವೂ ಅದೇ ದಾರಿಯಲ್ಲಿ ಬಂದವು. ಅದನ್ನು ಸಾಹೇಬರ ಮೇಜಿಗೆ ಒಯ್ಯುವ ಗುಮಾಸ್ತ, ಜವಾನರೂ ಅಲ್ಲಿಯವರೇ. ಕನ್ನಡದ್ದು ಅಂತ ಉಳಿಯುವುದು ಹಾಕು, ಕೊಡು, ಆಗು ಎಂಬ ಮೂರು ಬಡಪಾಯಿ ಕ್ರಿಯಾಪದ ಮತ್ತು ಜ್ವರ. ಜ್ವರ ಸಂಸ್ಕೃತ ಎಂದು ಪಂಡಿತರು ತಕರಾರು ತೆಗೆದರೆ, ತಕರಾರೂ ಹೊರಗಿನದ್ದೇ ಎಂದು ಅವರಿಗೆ ನೆನಪಿಸಬಹುದು.

ಬಂದ ಪದ ನಮ್ಮ ಮನೆಯ ರೂಪ ತಳೆಯಿತು. ಸಜಾ ಸಜೆಯಾಯಿತು, ಹವಾ ಹವೆಯಾಯಿತು, ದರ್ಜಾ ದರ್ಜೆ, ಖಜಾನಾ ಖಜಾನೆ. ಹಾಗೇ ರಜಾ ರಜೆ. ಆದರೆ ಹಳೆಯ ರೂಪ ಪೂರ್ತಿ ಸಾಯಲಿಲ್ಲ. ಸಮಾಸಕ್ಕೆ ಹೋದರೆ ‘ರಜಾ’ ಎದ್ದು ಬರುತ್ತದೆ: ರಜಾದಿನ, ರಜಾ ಅರ್ಜಿ, ಹೈಕೋರ್ಟಿನ ರಜಾಕಾಲದ ಪೀಠ. (ರಜೆಯಲ್ಲಿ ಕೆಲಸ ಮಾಡುವುದಕ್ಕೆಂದೇ ಇರುವ ಪೀಠ ಅದು, ಡಿಸೆಂಬರ್ ಕೊನೆಗೆ ಪತ್ರಿಕೆಗಳಲ್ಲಿ ಆ ಹೆಸರು ಕಂಡಾಗಲೆಲ್ಲ ನನಗೆ ನಗು ಬರುತ್ತದೆ.) ಮೈಸೂರು ಕಡೆಯ ಮಾತಿನಲ್ಲಿ ಬಾಲ ಕತ್ತರಿಸಿ ‘ರಜ’: ‘ಇವತ್ತು ರಜ.’ ಆ ‘ರಜ’ ಹೇಳಿದಾಗ ಸಿಗುವ ಸುಖ ‘ರಜೆ’ ಎಂದು ಬರೆದಾಗ ಸಿಗುವುದಿಲ್ಲ. ‘ಲೀವ್’ನಲ್ಲಂತೂ ಇಲ್ಲವೇ ಇಲ್ಲ.

ಅದೇ ಬೇರಿನ ಇನ್ನೆರಡು ಕವಲು ನಮ್ಮಲ್ಲಿವೆ. ಒಂದು ರಾಜಿ, ಅಂದರೆ ಒಪ್ಪಿದವನು, ಒಪ್ಪಂದ. ಇನ್ನೊಂದು ರಾಜೀನಾಮೆ, ಅಂದರೆ ಒಪ್ಪಿಗೆಯ ಪತ್ರ. ಒಪ್ಪಿಗೆಯ ಪತ್ರ ಕೆಲಸ ಬಿಡುವ ಪತ್ರವಾದದ್ದು ಹೇಗೆ? ಹಿಂದಿಯಲ್ಲಿ ಆ ಪದ ಇವತ್ತಿಗೂ ರಾಜಿಪತ್ರವೇ, ಕೆಲಸ ಬಿಡುವುದಕ್ಕೆ ಅವರದ್ದು ಇಸ್ತೀಫಾ. ನಮ್ಮಲ್ಲೂ ಮರಾಠಿಯಲ್ಲೂ ಅರ್ಥ ಹೊರಳಿದೆ. ಮುಂಬಯಿ ಪ್ರಾಂತದ ಕಂದಾಯದ ಕಾಗದಗಳಲ್ಲಿ ಇದರ ಜಾಡು ಸಿಗುತ್ತದೆ. ರೈತನೊಬ್ಬ ತನ್ನ ಹೆಸರಿನ ಹೊಲವನ್ನು ಬಿಟ್ಟುಕೊಡುವಾಗ ‘ನನ್ನ ಒಪ್ಪಿಗೆಯಿಂದಲೇ ಬಿಟ್ಟೆ’ ಎಂದು ಬರೆದುಕೊಡುತ್ತಿದ್ದುದು ರಾಜೀನಾಮೆ. ಅದನ್ನು ವಹಿಸಿಕೊಳ್ಳುವವನು ಬರೆದುಕೊಡುತ್ತಿದ್ದುದು ಕಬೂಲಾಯತಿ. ಹೊಲ ಬಿಡುವ ಪತ್ರ ಕುರ್ಚಿ ಬಿಡುವ ಪತ್ರವಾಗಲು ಹೆಚ್ಚು ದೂರ ಹೋಗಬೇಕಾಗಿಲ್ಲ. ಮನಸ್ಸಿಲ್ಲದೆ ಬಿಡುವವನ ಕೈಯಲ್ಲೂ ‘ಒಪ್ಪಿದೆ’ ಎಂದು ಬರೆಸಿಕೊಳ್ಳುವ ಚಾಳಿ ಎರಡರಲ್ಲೂ ಒಂದೇ. ಈಚೆಗೆ ಐಟಿ ಕಂಪನಿಗಳಲ್ಲಿ ಕೆಲಸ ಕಳೆದುಕೊಂಡವರು ‘ತೆಗೆದರು’ ಅನ್ನುವುದಿಲ್ಲ, ‘ರಾಜೀನಾಮೆ ಕೊಡಿಸಿದರು’ ಅನ್ನುತ್ತಾರಲ್ಲ, ಆ ಹಳೆಯ ರೈತನಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತಿತ್ತು.

‘ಕಡ್ಡಾಯ ರಜೆ’ಯೂ ಇದೇ ಜಾತಿಯದ್ದು. ಅಧಿಕಾರಿಯ ಮೇಲೆ ಆರೋಪ ಬಂದಾಗ ಕಡ್ಡಾಯ ರಜೆ ಮೇಲೆ ಕಳಿಸುತ್ತಾರೆ. ಬೇರಿಗಿಳಿದು ಓದಿದರೆ ಅದು ಕಡ್ಡಾಯ ಒಪ್ಪಿಗೆ. ಯಾರ ಒಪ್ಪಿಗೆ, ಯಾರಿಗೆ ಕಡ್ಡಾಯ, ಕೇಳಬಾರದು.

ಬಿಡುವನ್ನು ಅಪ್ಪಣೆಯ ಜೊತೆ ಗಂಟು ಹಾಕಿದವರು ನಾವೊಬ್ಬರೇ ಅಲ್ಲ. ತೆಲುಗಿನ ‘ಸೆಲವು’ ರಜೆಯೂ ಹೌದು, ಅಪ್ಪಣೆಯೂ ಹೌದು, ಹೊರಡುವಾಗಿನ ಬೀಳ್ಕೊಡುಗೆಯೂ ಹೌದು. ನಮ್ಮ ಹಿರಿಯರೂ ನೆಂಟರ ಮನೆಯಿಂದ ಹೊರಡುವಾಗ ‘ಅಪ್ಪಣೆ ಕೊಡಿ’ ಅನ್ನುತ್ತಿದ್ದರು. ಯಾಕೆಂದರೆ ಎದ್ದು ಹೋಗುವುದಕ್ಕೂ ಕೂತವರ ಒಪ್ಪಿಗೆ ಬೇಕು. ಇರಲಿ, ಅದು ಮರ್ಯಾದೆ. ಆದರೆ ಮರ್ಯಾದೆಗೆ ಕೇಳುವುದು ಬೇರೆ, ಸಿಗದಿದ್ದರೆ ಸಂಬಳ ಕತ್ತರಿಸುತ್ತಾರೆಂದು ಕೇಳುವುದು ಬೇರೆ.

ಕೃಷ್ಣೆಯ ಕಡೆಗೆ ಹೋದಂತೆ ಗಾಳಿ ಬದಲಾಗುತ್ತದೆ. ‘ಸಾಲಿ ಸೂಟಿ ಅದ,’ ‘ಬ್ಯಾಸಗಿ ಸೂಟಿಗೆ ಆಯಿ ಮನಿಗೆ ಹೋಗಿದ್ವಿ.’ ಸೂಟಿ ಮರಾಠಿಯ ‘ಸುಟ್ಟಿ’. ‘ಸುಟಣೆ’ ಅಂದರೆ ಬಿಡುಗಡೆಯಾಗುವುದು, ಕಳಚಿಕೊಳ್ಳುವುದು. ಇಲ್ಲಿ ಕೇಳುವವನಿಲ್ಲ, ಕೊಡುವವನಿಲ್ಲ, ಕಟ್ಟು ಬಿಚ್ಚಿತು, ಅಷ್ಟೆ. ಧಾರವಾಡದವರ ಹತ್ತಿರ ಎರಡೂ ಪದ ಇವೆ, ಎರಡರ ಕೆಲಸವೂ ಬೇರೆ ಬೇರೆ. ಎಲ್ಲರಿಗೂ ಬಂದದ್ದು ಸೂಟಿ. ಒಬ್ಬ ಅರ್ಜಿ ಬರೆದು ಹಾಕಿದ್ದು ರಜಾ. ನಾವು ದಕ್ಷಿಣದವರು ಎರಡನ್ನೂ ಒಂದೇ ಪದಕ್ಕೆ ತುಂಬಿದೆವು. ಹಾಗಾಗಿ ಗಣೇಶ ಚೌತಿಯೂ ನಮಗೆ ಯಾರೋ ಮಂಜೂರು ಮಾಡಿದ ಹಾಗೆಯೇ ಕೇಳಿಸುತ್ತದೆ. ನನ್ನನ್ನು ಕೇಳಿದರೆ, ಇವೆರಡರಲ್ಲಿ ಒಂದನ್ನು ಇಟ್ಟುಕೊಳ್ಳಿ ಎಂದರೆ, ಸೂಟಿಯನ್ನೇ ಆರಿಸಿಕೊಳ್ಳುತ್ತೇನೆ. ಮೈಸೂರಿನ ನೆಂಟರು ನಕ್ಕರೆ ನಗಲಿ.

ಕಚೇರಿಯೂ ಗಡಿಯಾರವೂ ಬರುವುದಕ್ಕೆ ಮುಂಚೆ ಬಿಡುವೇ ಇರಲಿಲ್ಲವೆಂದಲ್ಲ. ಅದನ್ನು ಕೊಡುತ್ತಿದ್ದುದು ಚಂದ್ರ. ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿ, ಚತುರ್ದಶಿಗಳಂದು ಪಾಠ ಹೇಳಬಾರದು; ಪಾಠಶಾಲೆಯ ಮಾತಿನಲ್ಲಿ ಅದಕ್ಕೆ ಅನಧ್ಯಾಯವೆಂದು ಹೆಸರು. ಗುರುವಿಗೂ ಶಿಷ್ಯನಿಗೂ ಒಂದೇ ದಿನ ಬಿಡುವು, ಹಾಗಾಗಿ ಯಾರೂ ಯಾರ ಕೈಕಾಲು ಹಿಡಿಯಬೇಕಾಗಿಲ್ಲ. ಬಹಳ ಊರುಗಳಲ್ಲಿ ಸೋಮವಾರ ಬಸವನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗುಮಾಸ್ತನಿಗೆ ಭಾನುವಾರ ಸಿಗುವ ಎಷ್ಟೋ ಮೊದಲೇ ಎತ್ತಿಗೆ ಸೋಮವಾರ ಸಿಕ್ಕಿತ್ತು. ಅದು ಅರ್ಜಿ ಬರೆದಿರಲಿಲ್ಲ.

ಬಿಡುವಿನ ಕಾಲವೂ ಕಸುಬಿಗೊಂದು. ಚಳಿಗಾಲ ಬಂತೆಂದರೆ ರಜೆ ಎನ್ನುವುದು ಸಾಫ್ಟ್‌ವೇರಿನವರ, ಮಿಷನ್ ಶಾಲೆಯ ಮಕ್ಕಳ, ಅಮೆರಿಕದಿಂದ ಸೂಟ್‌ಕೇಸು ತುಂಬಿಕೊಂಡು ಬರುವವರ ಲೆಕ್ಕ. ಕೊಡಗು, ಚಿಕ್ಕಮಗಳೂರುಗಳಲ್ಲಿ ಡಿಸೆಂಬರ್ ಜನವರಿ ಎಂದರೆ ಅರೇಬಿಕಾ ಹಣ್ಣು ಕೊಯ್ಯುವ ಹೊತ್ತು. ಒಂದೇ ಗುಡ್ಡದ ಮೇಲುಗಡೆ ಹೋಂಸ್ಟೇಯಲ್ಲಿ ರಜೆಗೆ ಬಂದವರು ಮಂಜಿನ ಫೋಟೊ ತೆಗೆಯುತ್ತಿರುತ್ತಾರೆ. ಕೆಳಗೆ ಅದೇ ಮಂಜಿನಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಹಣ್ಣು ಕೊಯ್ಯುವವರು ಸಂಜೆ ಎಷ್ಟು ಕೆ.ಜಿ. ತೂಗೀತು ಎಂದು ಲೆಕ್ಕ ಹಾಕುತ್ತಿರುತ್ತಾರೆ. ಯಕ್ಷಗಾನದ ಮೇಳಗಳಿಗೂ ಇದು ತಿರುಗಾಟದ ಕಾಲ. ಅವರ ರಜೆ ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ, ಮಳೆಯ ಜೊತೆಗೆ ಬರುವಂಥದ್ದು. ಅಡುಗೆ ಭಟ್ಟರಿಗೆ ಮಾತ್ರ ಈಗ ಬಿಡುವು. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮದುವೆ ಮುಂಜಿ ಇಲ್ಲ, ಕಲ್ಯಾಣ ಮಂಟಪಗಳಿಗೆ ಬೀಗ. ಅದೇ ಧನುರ್ಮಾಸದಲ್ಲಿ ದೇವಸ್ಥಾನದ ಅರ್ಚಕರು ಕೊರೆಯುವ ಚಳಿಯಲ್ಲಿ ಎದ್ದು ಬೆಳಕು ಹರಿಯುವ ಮೊದಲೇ ಹುಗ್ಗಿಯ ನೈವೇದ್ಯ ಮುಗಿಸಬೇಕು. ದೇವರು ರಜೆ ಕೊಡುವವನೂ ಅಲ್ಲ, ಹಾಕುವವನೂ ಅಲ್ಲ.

ಹುತ್ತರಿಯೂ ಇದೇ ಚಳಿಯ ಹಬ್ಬ. ಸರ್ಕಾರದ ಪಟ್ಟಿಯಲ್ಲಿ ಕೆಳಗೆ ಒಂದು ಟಿಪ್ಪಣಿ ಇರುತ್ತದೆ: ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ, ಇವು ಕೊಡಗು ಜಿಲ್ಲೆಗೆ ಮಾತ್ರ. ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಮುಹೂರ್ತ ಗೊತ್ತುಮಾಡಿ ಕದಿರು ತೆಗೆಯುವ ಹಬ್ಬವನ್ನು ವಿಧಾನಸೌಧವೂ ಒಪ್ಪಿಕೊಂಡಿದೆ. ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ಕೊಡವರು ಅವತ್ತು ಸಿಎಲ್ ಹಾಕಬೇಕು.

‘ರಜೆ ಹಾಕು’ ಎನ್ನುವುದನ್ನೂ ಗಮನಿಸಿ. ಅಂಗಿ ಹಾಕುತ್ತೇವೆ, ಬೀಗ ಹಾಕುತ್ತೇವೆ, ಕೂಗು ಹಾಕುತ್ತೇವೆ, ರಜೆಯನ್ನೂ ಹಾಕುತ್ತೇವೆ. ಅರ್ಜಿ ಹಾಕುವುದರಿಂದ ಅರ್ಜಿ ಉದುರಿ, ಹಾಕುವುದು ಉಳಿದಿರಬೇಕು. ಕನ್ನಡದ ಮಕ್ಕಳು ಬರೆಯುವ ಮೊದಲ ಗಂಭೀರ ಗದ್ಯವೂ ರಜಾ ಅರ್ಜಿಯೇ, ಬಹಳ ಜನರ ಮೊದಲ ಕಥೆಯೂ ಅದೇ. ಗುರುಗಳಲ್ಲಿ ವಿನಂತಿ, ನನಗೆ ವಿಪರೀತ ಜ್ವರ ಬಂದಿರುವುದರಿಂದ, ದಯವಿಟ್ಟು ಒಂದು ದಿನದ ರಜೆ ಕೊಡಬೇಕಾಗಿ, ಇಂತಿ ತಮ್ಮ ವಿಧೇಯ. ಎಂಟು ವರ್ಷದ ಮಗುವಿನ ಕೈಯಲ್ಲಿ ನಾವು ‘ವಿಧೇಯ’ ಎಂದು ಬರೆಸುತ್ತೇವೆ. ಅದು ಮೂವತ್ತು ವರ್ಷ ಕಳೆದರೂ ರಜೆ ಕೇಳುವಾಗ ಮ್ಯಾನೇಜರನ ಮುಂದೆ ಕೈ ಹಿಸುಕಿಕೊಂಡು ನಿಂತರೆ ಆಶ್ಚರ್ಯವೇನು? ಈಗಿನವರು ಆ್ಯಪಿನಲ್ಲಿ ಹಾಕುತ್ತಾರೆ, ಎದುರು ನಿಲ್ಲುವ ಸಂಕಟವಿಲ್ಲ. ಆದರೆ ಬಟನ್ ಒತ್ತಿದ ಮೇಲೆ ‘ಅಪ್ರೂವ್ ಆಯ್ತಾ’ ಎಂದು ಗಳಿಗೆಗೊಮ್ಮೆ ನೋಡುತ್ತಾರಲ್ಲ, ಅದು ಹಳೆಯ ರಜಾ ತಾನೆ.

ಕೇಳುವುದಕ್ಕೆ ಯಾರೂ ಇಲ್ಲದವರ ಗತಿ? ನಮ್ಮ ಮನೆಗೆಲಸಕ್ಕೆ ಬರುವಾಕೆ ರಜೆ ಎಂಬ ಪದವನ್ನೇ ಬಳಸುವುದಿಲ್ಲ. ‘ನಾಳೆ ಬರಲ್ಲ ಅಕ್ಕಾ’ ಅನ್ನುತ್ತಾಳೆ. ಅದರಲ್ಲಿ ವಿನಂತಿಯಿಲ್ಲ, ವಿಧೇಯತೆಯಿಲ್ಲ, ಸುಳ್ಳು ಜ್ವರವೂ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಇದೇ ದೊಡ್ಡ ಕಂಟಕ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮನೆಯಲ್ಲೇ ಇರುವವರು, ಕಂಪನಿಯೇ ಬಾಗಿಲು ಹಾಕಿ ರಜೆ ಕೊಟ್ಟವರು, ಅಲ್ಲಿ ಬರೆಯುತ್ತಾರೆ: ‘ಹೇಳದೆ ಕೇಳದೆ ಎರಡು ದಿನ ರಜೆ ಹಾಕಿದ್ದಾಳೆ, ಬೇರೆ ಯಾರಾದರೂ ಇದ್ದರೆ ತಿಳಿಸಿ.’ ಹೇಳಿದ್ದಾಳೆ. ಕೇಳಿಲ್ಲ, ಅಷ್ಟೆ. ಸಿಟ್ಟು ಬಂದಿರುವುದು ಪಾತ್ರೆ ಉಳಿದದ್ದಕ್ಕಲ್ಲ, ಒಪ್ಪಿಗೆ ಕೊಡುವ ಕುರ್ಚಿಯಲ್ಲಿ ಕೂರಲು ತಮಗೆ ಅವಕಾಶ ಸಿಗಲಿಲ್ಲವೆಂದು. ಇದನ್ನು ಆ ಗುಂಪಿನಲ್ಲೇ ಬರೆದೆ. ಒಬ್ಬರು ಹೆಬ್ಬೆರಳು ಎತ್ತಿದರು, ಉಳಿದವರು ನೀರಿನ ಟ್ಯಾಂಕರಿನ ವಿಷಯಕ್ಕೆ ಹೋದರು.

2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಋತುಚಕ್ರ ರಜೆಗೆ ಒಪ್ಪಿತು: ತಿಂಗಳಿಗೆ ಒಂದು, ವರ್ಷಕ್ಕೆ 12, ಸಂಬಳ ಸಹಿತ. ಸಂಸ್ಕೃತದಲ್ಲಿ ಇನ್ನೊಂದು ‘ರಜ’ ಇದೆ, ರಜಸ್ವಲೆಯ ರಜ. ಅದಕ್ಕೂ ನಮ್ಮ ರಜೆಗೂ ನಂಟಿಲ್ಲ. ಒಂದು ಅಲ್ಲಿಂದ ಬಂತು, ಒಂದು ಇಲ್ಲಿಂದ. ಈ ಒಂದು ಆದೇಶದಲ್ಲಿ ಎರಡೂ ಎದುರಾದವು. ಹಳೆಯ ಮನೆಗಳಲ್ಲಿ ‘ಹೊರಗಾದ’ ಮೂರು ದಿನ ಹೆಂಗಸರು ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ಬೆನ್ನು ನೆಲ ಕಾಣುತ್ತಿದ್ದುದೇ ಆಗ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅದನ್ನು ಹಿಡಿದುಕೊಂಡು ‘ನೋಡಿ, ನಮ್ಮ ಹಿರಿಯರು ಎಷ್ಟು ಯೋಚನೆ ಮಾಡಿದ್ದರು’ ಎಂದು ಭಾಷಣ ಮಾಡುವವರಿದ್ದಾರೆ. ಮಾಡಬೇಡಿ. ಮೈಲಿಗೆಯೆಂದು ಮೂಲೆಯಲ್ಲಿ ಕೂರಿಸಿದ್ದಕ್ಕೆ ರಜೆ ಎನ್ನುವುದಾದರೆ ಅದೂ ಕಡ್ಡಾಯ ರಜೆಯೇ. ಈಗ ಬಂದಿರುವುದು ಕೇಳಿ ಪಡೆಯಬಹುದಾದದ್ದು, ಬೇಡವೆಂದರೆ ಬಿಡಬಹುದಾದದ್ದು, ಆ ವ್ಯತ್ಯಾಸ ಸಣ್ಣದಲ್ಲ. ಆದರೆ ‘ನಾಳೆ ಬರಲ್ಲ ಅಕ್ಕಾ’ ಅನ್ನುವಾಕೆಗೆ ಅರ್ಜಿ ಹಾಕಲು ಕಚೇರಿಯೇ ಇಲ್ಲ.

ಡಿಸೆಂಬರ್ 31ರ ರಾತ್ರಿ ಬ್ರಿಗೇಡ್ ರಸ್ತೆಯಲ್ಲಿ ಹಗ್ಗ ಹಿಡಿದು ನಿಲ್ಲುವ ಪೇದೆಗಳಿಗೆ ಆ ವಾರ ‘ರಜೆ ರದ್ದು’. ರದ್ದೂ ಅರಬ್ಬಿಯಿಂದಲೇ ಬಂದದ್ದು. ಕೊಟ್ಟ ಪದದ ಜೊತೆ ಕಿತ್ತುಕೊಳ್ಳುವ ಪದವನ್ನೂ ಆ ಗಾಳಿ ತಂದಿದೆ. ಅದೇ ಪೇದೆಗಳಲ್ಲಿ ಹಲವರು ಡಿಸೆಂಬರಿನ ಮೊದಲ ಭಾಗವನ್ನು ಬೆಳಗಾವಿಯಲ್ಲಿ, ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನಕ್ಕೆ ಕಾವಲು ನಿಂತು ಕಳೆದಿರುತ್ತಾರೆ. ‘ಪುರುಸೊತ್ತಿಲ್ಲ’ ಎನ್ನುವುದು ಅವರ ಬಾಯಲ್ಲಿ ಬಂದರೆ ನಿಜ. ಉಳಿದ ನಮ್ಮ ಬಾಯಲ್ಲಿ ಅದು ಹೆಚ್ಚಾಗಿ ಜಂ‌ಭ.

ಕೊನೆಗೆ ಪರಿಚಯದ ಅಧಿಕಾರಿಯೊಬ್ಬರು ಹೇಳಿದ್ದು. ಮೈಸೂರು ಕಡೆಯವರು, ಕಲಬುರಗಿಗೆ ಹೊಸದಾಗಿ ವರ್ಗವಾಗಿ ಹೋಗಿದ್ದರು. ಎಳ್ಳ ಅಮಾವಾಸ್ಯೆ ಬಂತು. ಆ ಸೀಮೆಯಲ್ಲಿ ಅದು ಚಳಿಗಾಲದ ದೊಡ್ಡ ಹಬ್ಬ. ಜೋಳ, ಕಡಲೆ ಬೆಳೆದು ನಿಂತ ಹೊಲಕ್ಕೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಭೂತಾಯಿಗೆ ಚರಗ ಚೆಲ್ಲಿ ಅಲ್ಲೇ ಕೂತು ಉಣ್ಣುತ್ತಾರೆ. ಸರ್ಕಾರದ ಸಾರ್ವತ್ರಿಕ ರಜೆಗಳಲ್ಲಿ ಅದಿಲ್ಲ. ಊರಿನ ಬೀದಿಗಳು ಮಾತ್ರ ಖಾಲಿ. ಹಿಂದಿನ ದಿನ ಸಂಜೆ ಸಿಬ್ಬಂದಿಯೆಲ್ಲ ಒಟ್ಟಿಗೆ ಸಿಎಲ್ ಅರ್ಜಿ ತಂದು ಮೇಜಿನ ಮೇಲಿಟ್ಟರು. ಇವರಿಗೆ ದಿಗಿಲು. ‘ಎಲ್ರಿಗೂ ಒಂದೇ ದಿನ ಹೇಗ್ರೀ ಕೊಡೋದು? ಆಫೀಸ್ ನಡೀಬೇಕಲ್ಲ?’

‘ನೀವು ಕೊಡ್ರಿ, ಬಿಡ್ರಿ ಸರ್, ನಾಳಿ ಯಾರೂ ಬರಂಗಿಲ್ರಿ,’ ಅಂದರಂತೆ ಹಿರಿಯ ಗುಮಾಸ್ತರು, ಬಹಳ ಮರ್ಯಾದೆಯಿಂದ. ‘ಎಳ್ಳಮಾಸಿ ಅದ. ನೀವೂ ನಮ್ಮ ಹೊಲಕ್ಕ ಬರ್ರಿ.’

ಮರುದಿನ ಬೆಳಿಗ್ಗೆ ಇವರು ಹೋಗಿ ಕಚೇರಿಯ ಬಾಗಿಲು ತೆರೆಸಿ ಹನ್ನೊಂದರವರೆಗೆ ಒಬ್ಬರೇ ಕೂತರು. ಒಬ್ಬ ಅರ್ಜಿದಾರನೂ ಬರಲಿಲ್ಲ. ಆಮೇಲೆ ಬೀಗ ಹಾಕಿಸಿ ಗುಮಾಸ್ತರ ಹೊಲಕ್ಕೆ ಹೋದರು. ಸಜ್ಜೆ ರೊಟ್ಟಿ, ಬಜ್ಜಿ ಪಲ್ಯ, ಶೇಂಗಾ ಹೋಳಿಗೆ. ಅದರ ಮಾರನೆಯ ದಿನ ಕಚೇರಿಗೆ ಬಂದವರು ಮೊದಲು ಮಾಡಿದ ಕೆಲಸವೆಂದರೆ ಅಷ್ಟೂ ಅರ್ಜಿಗಳಿಗೆ ಹಿಂದಿನ ತಾರೀಖು ಹಾಕಿ ಮಂಜೂರು ಮಾಡಿದ್ದು, ಕೊನೆಯಲ್ಲಿ ತಮ್ಮದೂ ಒಂದು ಅರ್ಧ ದಿನದ್ದು ಬರೆದು ಸೇರಿಸಿದ್ದು.